ಕಾಕಾನ ಚಾಕು ಪರೀಕ್ಷೆ

ನಮ್ಮ ಕಾಕಾ ಒಂದು ಚಾಕು ಕೊಳ್ಳುವಷ್ಟರಲ್ಲಿ ನಮ್ಮ ಓಣಿಯಲ್ಲಿ ಎರಡು ಮದುವೆ, ಒಂದು ಬಾಣಂತನ ಮುಗಿದಿದ್ದವು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಮೂರನೆಯ ಮದುವೆಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಝುವಾರಿನಗರದ ನಮ್ಮ ಎರಡು ಕೋಣೆಯ ಮನೆಯಲ್ಲೇ ಇದ್ದ. ಮುರ್ಮುಗಾಂವ್ ಬಂದರಿನಲ್ಲಿ ಮೂಟೆ ಇಳಿಸುವ ಕೆಲಸ. ಪರೀಕ್ಷೆ ಮಾಡದೆ ಯಾವ ವಸ್ತುವನ್ನೂ ಒಪ್ಪಿಕೊಂಡವನಲ್ಲ. ಹೊಸ ಕೊಡೆ ತಂದರೆ ಮೊದಲು ನಲ್ಲಿಯ ಕೆಳಗೆ ಹಿಡಿಯುತ್ತಿದ್ದ. ಹೊಸ ಚಪ್ಪಲಿ ಎಂಟು ದಿನ ಮನೆಯೊಳಗೇ ನಡೆಯಬೇಕು. ಹೆಣ್ಣು ನೋಡಲು ಹೋದಲ್ಲೂ ಇದೇ ಬುದ್ಧಿ. ಆದರೆ ಅವನು ಪರೀಕ್ಷೆ ಶುರು ಮಾಡುವುದರೊಳಗೆ ಹೆಣ್ಣಿನ ಕಡೆಯವರು ಅವನನ್ನು ಫೇಲು ಮಾಡಿ ಚಹಾದ ಕಪ್ಪು ಎತ್ತಿಕೊಂಡು ಹೋಗಿರುತ್ತಿದ್ದರು.

ನಾನಾಗ ಒಂಬತ್ತನೇ ಕ್ಲಾಸು. ಓಣಿಯಲ್ಲಿ ಒಬ್ಬೊಬ್ಬರ ಕೈಗೂ ಮೊಬೈಲು ಬರುತ್ತಿದ್ದ ಕಾಲ. ಲೋಕವೆಲ್ಲ ಮೊಬೈಲಿನ ಹಿಂದೆ ಬಿದ್ದಿದ್ದರೆ ಕಾಕಾನಿಗೆ ಮಡಚುವ ಚಾಕುವಿನ ಹುಚ್ಚು ಹಿಡಿಯಿತು. ಮೂಟೆಯ ಹೊಲಿಗೆ ಬಿಚ್ಚಲು, ಹಗ್ಗ ಕೊಯ್ಯಲು ಬೇಕೇಬೇಕು ಎಂಬುದು ಅವನ ವಾದ. ಮಡಗಾಂವ್ ಮಾರ್ಕೆಟ್ಟಿನಲ್ಲಿ ಕುಡಗೋಲು, ಈಳಿಗೆ ಮಾರುವ ಮುದುಕನೊಬ್ಬನಿದ್ದ. ಅವನ ಹತ್ತಿರ ಒಂದು ಬಿಸ್ಕಿಟ್ ಡಬ್ಬಿಯ ತುಂಬ ಕಟ್ಟಿಗೆಯ ಹಿಡಿಯ, ಹಿತ್ತಾಳೆ ಮೊಳೆಯ ಹಳೇ ನಮೂನೆಯ ಚಾಕುಗಳು. ಅಗ್ಗದ ಮಾಲು. ನೀವೋ ನಾನೋ ಆಗಿದ್ದರೆ ಒಂದನ್ನು ಎತ್ತಿ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆವು.

ಕಾಕಾ ನಾಲ್ಕು ಸಲ ಹೋದ; ಮೊದಮೊದಲು ನಾನೂ ಜೊತೆಗಿದ್ದೆ. ಪ್ರತಿಯೊಂದು ಚಾಕುವನ್ನೂ ಕಿವಿಯ ಹತ್ತಿರ ಹಿಡಿದು ತೆರೆದ, ಮುಚ್ಚಿದ, ಸದ್ದು ಕೇಳಿದ. ಹರಿತ ನೋಡಲು ಎಡಗೈ ಮೇಲಿನ ಕೂದಲು ಬೋಳಿಸಿದ. ಎಡಗೈ ಮುಗಿದ ಮೇಲೆ ಬಲಗೈಗೆ ಬಂದ. ಬಲಗೈಯೂ ಮುಗಿದಾಗ ನನ್ನ ಜಡೆಯ ಕಡೆ ನೋಡಿದ. ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ!

ನಾಲ್ಕನೆಯ ಸಲ ಅಂಗಡಿಯ ಮುದುಕ ಅವನಿಗೊಂದು ಸ್ಟೂಲು ಕೊಟ್ಟು, ನೋಡುತ್ತಿರು ಎಂದು ಊಟಕ್ಕೆ ಹೋದ. ತಿರುಗಿ ಬರುವಷ್ಟರಲ್ಲಿ ಕಾಕಾ ಮೂವರು ಗಿರಾಕಿಗಳಿಗೆ ಯಾವ ಚಾಕುವಿನಲ್ಲಿ ಏನು ದೋಷವಿದೆ ಎಂದು ಬಿಡಿಸಿ ಹೇಳಿ ಬರಿಗೈಲಿ ಕಳಿಸಿದ್ದ. ಮುದುಕ ತಾನೇ ಒಂದು ಚಾಕು ಆರಿಸಿ ಅವನ ಕಿಸೆಗೆ ತುರುಕಿ, ಉಳಿದ ಪರೀಕ್ಷೆ ಮನೆಯಲ್ಲಿ ಮಾಡಿಕೋ, ಮತ್ತೆ ಇತ್ತ ಬರಬೇಡ ಎಂದು ಹಿಂದಿಯಲ್ಲಿ ಹೇಳಿ ಕೈಮುಗಿದನಂತೆ.

ಮನೆಯಲ್ಲಿ ಪರೀಕ್ಷೆ ಸಾಂಗವಾಗಿ ನಡೆಯಿತು. ಟೊಮ್ಯಾಟೊ ಚೆನ್ನಾಗಿ ಕೊಯ್ಯಿತು. ಹಗ್ಗ ಪರವಾಗಿಲ್ಲ. ನನ್ನ ಪೆನ್ಸಿಲ್ಲುಗಳೆಲ್ಲ ಬೆರಳುದ್ದಕ್ಕೆ ಬಂದವು. ಅವ್ವನ ಹೊಸ ಪ್ಲಾಸ್ಟಿಕ್ ಕೊಡ ಕೊಯ್ಯುತ್ತದೋ ಇಲ್ಲವೋ ಎಂಬ ಸಂಶಯವೂ ಬಗೆಹರಿಯಿತು. ಅಲಗು ಸ್ವಲ್ಪ ಅಲುಗುತ್ತದೆಂದು ಮೊಳೆಯನ್ನು ಸುತ್ತಿಗೆಯಿಂದ ಬಡಿದ. ಆಮೇಲೆ ಎರಡು ದಿನ ಚಾಕು ಬಾಯೇ ತೆರೆಯಲಿಲ್ಲ. ನಮ್ಮ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೆಲ್ಲ ಅದಕ್ಕೇ ಹೋಯಿತು.

ಉಳಿದದ್ದು ತುಕ್ಕಿನ ಪರೀಕ್ಷೆ. ಬಂದರಿನ ಉಪ್ಪುಗಾಳಿಗೆ ತಾಳುತ್ತದೆಯೇ? ನಮ್ಮ ಮನೆಯಲ್ಲಿ ಉಪ್ಪು, ಹುಳಿ ಎರಡೂ ಧಾರಾಳವಾಗಿ ಸಿಗುವ ಜಾಗ ಯಾವುದು? ಅವ್ವನ ಮಾವಿನ ಉಪ್ಪಿನಕಾಯಿ ಬರಣಿ! ಕಾಕಾ ಯಾರಿಗೂ ಹೇಳದೆ ಚಾಕುವನ್ನು ಅದರ ತಳಕ್ಕೆ ಇಳಿಸಿದ. ಅದೇ ವಾರ ಅಪ್ಪ ತಮ್ಮ ಮುಕಾದಮರನ್ನು ಊಟಕ್ಕೆ ಕರೆದಿದ್ದರು. ಅಪ್ಪನ ಕೆಲಸ ಕಾಯಂ ಮಾಡಲು ಮೇಲಿನವರಿಗೆ ಹೇಳಬೇಕಾಗಿದ್ದ ಮೇಲ್ವಿಚಾರಕರು ಅವರೇ. ಅವ್ವ ಪ್ರೀತಿಯಿಂದ ತಳದವರೆಗೆ ಕೈಯಾಡಿಸಿ ಚಮಚೆ ತುಂಬ ಬಡಿಸಿದಳು. ಮುಕಾದಮರ ತಾಟಿಗೆ ಎರಡು ಹೋಳು ಮಾವು, ಒಂದು ಚಾಕು ಬಿದ್ದವು.

ಅಪ್ಪ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿಗೇ ಬಿಟ್ಟರು. ಕಾಕಾ ಮಾತ್ರ ಎದ್ದುಬಂದು ಚಾಕುವನ್ನು ಎತ್ತಿ ಬೆಳಕಿಗೆ ಹಿಡಿದ.

"ಕರ್ರಗಾಗೇತಿ, ಖರೇ. ಆದ್ರ ತುಕ್ಕು ಹಿಡದಿಲ್ಲ ನೋಡ್ರಿ," ಎಂದು ಮುಕಾದಮರಿಗೇ ತೋರಿಸಿದ.

ಮುಕಾದಮರು ಹೋಳು ಬಾಯಿಗಿಟ್ಟು ನಿಧಾನವಾಗಿ ಅಗಿದರು. "ಉಪ್ಪಿನಕಾಯಿನೂ ಚಲೋ ಐತ್ರಿ," ಎಂದರು. ಅಪ್ಪನ ಕೆಲಸ ಉಳಿಯಿತು. ಅವ್ವ ಮಾತ್ರ ಸುಮ್ಮನಿರಲಿಲ್ಲ. "ತಮ್ಮಾ, ಇನ್ನೊಮ್ಮೆ ಹಿಂಗ ಮಾಡಿದ್ರ ನಿನ್ನನ್ನೇ ಬರಣ್ಯಾಗ ಹಾಕ್ತೇನಿ," ಎಂದಳು.

ಇಷ್ಟೆಲ್ಲ ಪಾಸಾದ ಚಾಕುವನ್ನು ಬಂದರಿಗೆ ಒಯ್ದರೆ, ಗೇಟಿನ ಕಾವಲುಗಾರ ಚಾಕುಗೀಕು ಒಳಗೆ ಬಿಡುವುದಿಲ್ಲ ಎಂದ. ಇದನ್ನು ಮೊದಲೇ ಕೇಳಿಕೊಳ್ಳಬೇಕೆಂದು ಕಾಕಾನಿಗೆ ಹೊಳೆದಿರಲಿಲ್ಲ! ಕೆಲಸವಿಲ್ಲದ ಚಾಕು ಅವನ ಕಿಸೆಯಲ್ಲೇ ತಿರುಗಾಡಿಕೊಂಡಿತ್ತು.

ಪಂಚಮಿ ಹತ್ತಿರ ಬಂದಿತ್ತು. ಜೋಳ ಬೀಸಿಸಲು ಅವ್ವ, ಕಾಕಾ, ನಾನು ಗಿರಣಿಗೆ ಹೋಗಿದ್ದೆವು. ಹಿಟ್ಟು ಎಷ್ಟು ನುಣ್ಣಗಿರಬೇಕೆಂದು ಕಾಕಾ ಗಿರಣಿಯವನಿಗೆ ಪಾಠ ಹೇಳುತ್ತಿದ್ದ. ಅವ್ವ ಡಬ್ಬಿ ಎತ್ತಿಕೊಳ್ಳಲು ಬಗ್ಗಿದಳು. ಅವಳ ಸೆರಗಿನ ತುದಿ ತಿರುಗುತ್ತಿದ್ದ ಬೆಲ್ಟಿಗೆ ಸಿಕ್ಕಿತು. ನನಗೆ ಕಂಡದ್ದು ಅವ್ವ ಒಮ್ಮೆಲೇ ಹಿಂದಕ್ಕೆ ಜಗ್ಗಿದಂತಾದದ್ದಷ್ಟೇ. ಸೀರೆ ಕುತ್ತಿಗೆಗೆ ಬಿಗಿಯಿತು. ಗಿರಣಿಯವನು ಸ್ವಿಚ್ಚಿನ ಕಡೆ ಓಡಿದ. ನಡುವೆ ಜನ, ಚೀಲಗಳು. ಕಾಕಾ ಚಾಕು ತೆಗೆದು, ಅವಳ ಭುಜದ ಹತ್ತಿರ ತಂತಿಯಂತೆ ಬಿಗಿದಿದ್ದ ಸೆರಗನ್ನು ಒಂದೇ ಎಳೆತಕ್ಕೆ ಕೊಯ್ದ. ಅವ್ವ ಹಿಟ್ಟು ಚೆಲ್ಲಿದ ನೆಲದ ಮೇಲೆ ಕುಸಿದಳು. ಆಮೇಲೆ ಗಿರಣಿ ನಿಂತಿತು.

ಸುತ್ತಲಿನವರು ಚಾಕುವನ್ನು ಹೊಗಳಿದರು. ಎಲ್ಲಿ ತಂದದ್ದು ಎಂದು ಒಬ್ಬ ಕೇಳಿದ. ಆ ಪ್ರಶ್ನೆಗೆ ಕಾಕಾ ಒಂದು ತಾಸು ಉತ್ತರ ಕೊಡಬಲ್ಲವನು. ಅಂದು ಅವನಿಗೆ ಅದು ಕೇಳಿಸಲೇ ಇಲ್ಲ. ಅವ್ವನ ಎದುರು ಮಂಡಿಯೂರಿ ಅವಳ ಕುತ್ತಿಗೆಯ ಕೆಂಪು ಗೆರೆಯನ್ನೇ ನೋಡುತ್ತಿದ್ದ.

"ವೈನಿ, ಉಸರಾಡ್ಸಾಕ ಬರಾಕತ್ತೇತೇನ್ರಿ?"

"ಬರಾಕತ್ತೇತಿ, ತಮ್ಮಾ. ನೀ ಅಳಬ್ಯಾಡ."

ಆಗಲೇ ನಾನು ನೋಡಿದ್ದು, ಕಾಕಾ ಅಳುತ್ತಿದ್ದ. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಆರು ವರ್ಷದ, ತಾಯಿಯಿಲ್ಲದ ಹುಡುಗ. ಅವನ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕುಳಿತವಳು ಅವಳೇ.

ಕಾಕಾ ತನ್ನ ಹೆಗಲ ಟವೆಲ್ಲನ್ನು ಕೊಡವಿ ಅವ್ವನಿಗೆ ಹೊದಿಸಿದ. ಡಬ್ಬಿ ಗಿರಣಿಯಲ್ಲೇ ಉಳಿಯಿತು. ಮನೆ ಮುಟ್ಟುವವರೆಗೆ ಅವನು ಆ ಟವೆಲ್ಲಿನ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಅವಳ ಹಿಂದೆಯೇ ನಡೆದುಬಂದ.