ಪುಕ್ಕಟೆ ಸಾಫ್ಟ್‌ವೇರು ಮತ್ತು ಅತ್ತೆಯ ಚಹಾ

ಪುಕ್ಕಟೆ ಬಂದದ್ದನ್ನು ಮೂಸಿ ನೋಡದೆ ಒಳಗಿಡುವ ಅಭ್ಯಾಸ ನನಗಿಲ್ಲ. ಸೋಪಿನ ಜೊತೆ ಚಮಚ ಬಂದರೆ, ಸೋಪು ತೆಳುವಾಗಿದೆಯೇ ಎಂದು ಹಳೆಯದರ ಪಕ್ಕ ಇಟ್ಟು ನೋಡುತ್ತೇನೆ. ಯಜಮಾನರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕೆಲಸ ಮಾಡುವವರು. ಚೀಲದ ಮೇಲಿನ ಕಾಯಿ ನಂಬಬಾರದು, ಬುಡಕ್ಕೆ ಕೈ ಹಾಕಬೇಕು ಎಂಬುದು ನಮ್ಮ ಮನೆಯ ದಿನನಿತ್ಯದ ಮಾತು.

ಹೀಗಿರುವಾಗ ರಾಣೆಬೆನ್ನೂರಿನಲ್ಲಿ ಮೊಬೈಲ್ ರಿಪೇರಿ ಮಾಡುವ ನನ್ನ ತಮ್ಮ ಬಸು, ಹಾವೇರಿಯ ನಮ್ಮ ಮನೆಗೆ ಬಂದವನು ಅಂಗೈಯಗಲದ ಕಂಪ್ಯೂಟರೊಂದನ್ನು ಕೈಗಿಟ್ಟ. “ಇದನ್ನ ನಡಸೋದು ಲಿನಕ್ಸ್ ಅಕ್ಕಾ. ಒಳಗಿನ ಸಾಫ್ಟ್‌ವೇರ್ ಎಲ್ಲಾ ಪುಕ್ಕಟೆ. ನಿನ್ನ ದಿನಚರಿ ಇನ್ನ ಇದರಾಗ ಬರಿ” ಎಂದ. ನನ್ನ ದಿನಚರಿಯಲ್ಲಿ ನಲ್ಲಿ ನೀರು ಬಂದ ದಿನ ಇರುತ್ತದೆ, ಸಿಲಿಂಡರ್ ಹಚ್ಚಿದ ದಿನ ಇರುತ್ತದೆ. ಸಕ್ಕರೆ ಕಾಯಿಲೆಯ ನಮ್ಮತ್ತೆ ಎಷ್ಟು ಲೋಟ ಚಹಾ ಕುಡಿದರು, ಕೇಳಿದರೆ ಎಷ್ಟು ಎಂದರು ಎಂಬುದೂ ಇರುತ್ತದೆ. ಅದು ಅವರ ಕಣ್ಣಿಗೆ ಬಿದ್ದರೆ ಒಳ್ಳೆಯ ಸೊಸೆ ಎಂಬ ನನ್ನ ಹೆಸರು ಅಂದಿಗೇ ಮುಗಿಯಿತು. ಅವರೋ, ದಿನಾ ಅಗಡಿಯಲ್ಲಿರುವ ತಮ್ಮ ತಂಗಿಗೆ ಮೊಬೈಲಿನಲ್ಲಿ ಕನ್ನಡದಲ್ಲೇ ಪತ್ರದುದ್ದ ಬರೆದು ಕಳಿಸುವವರು.

ಈ ಯಂತ್ರ ನನ್ನ ಫೋನ್ ನಂಬರ್ ಕೇಳಲಿಲ್ಲ, ಒಟಿಪಿ ಕೇಳಲಿಲ್ಲ, ಜಾಹೀರಾತೂ ತೋರಿಸಲಿಲ್ಲ. ನನ್ನ ಸಂಶಯ ಗಟ್ಟಿಯಾಯಿತು. ಏನೂ ಕೇಳದೆ ಮನೆಯೊಳಗೆ ಬಂದು ಕೂತವರನ್ನು ಹೇಗೆ ನಂಬುವುದು? “ನಾ ಬರದಿದ್ದು ಯಾರಿಗರೆ ಹೇಳತೈತೇನೋ?” ಎಂದೆ. “ಇದನ್ನ ಹೆಂಗ ಮಾಡ್ಯಾರ ಅನ್ನೋದೆಲ್ಲಾ ಬಿಚ್ಚಿಟ್ಟಾರ ಅಕ್ಕಾ. ಯಾರ ಬೇಕಾದ್ರೂ ನೋಡಬಹುದು, ತಪ್ಪಿದ್ರ ತಿದ್ದಬಹುದು. ಮಾವಾರು ಪೇಟ್ಯಾಗ ಮಾಡಿದಂಗ ಬುಡಕ್ಕ ಕೈ ಹಾಕು” ಎಂದು ಅದನ್ನೂ ತೆರೆದು ತೋರಿಸಿದ. ಕನ್ನಡಕ ಏರಿಸಿ ಒಂದು ತಾಸು ಇಂಗ್ಲಿಷ್ ಸಾಲುಗಳ ಮೇಲೆ ಬೆರಳಾಡಿಸಿದೆ. ಒಂದೂ ತಿಳಿಯಲಿಲ್ಲ, ಅತ್ತೆಯ ಹೆಸರು ಎಲ್ಲಿಯೂ ಕಾಣಲಿಲ್ಲವೆಂದು ಸಮಾಧಾನಪಟ್ಟೆ.

ಆದರೂ ಇರಲೆಂದು ಪಾಸ್‌ವರ್ಡ್ ಹಾಕಿಸಿದೆ. ಮರೆಯಬಾರದಲ್ಲ, ಎಲ್ಲವನ್ನೂ ಬರೆದಿಡುವಂತೆ ಅದನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ನೀರು ಬಂದ, ಸಿಲಿಂಡರ್ ಹಚ್ಚಿದ ತಾರೀಖುಗಳ ಪಕ್ಕ, ‘ಕಂಪ್ಯೂಟರ್ ಬೀಗ’ ಎಂದು ದುಂಡಗೆ ಬರೆದೆ. ಅತ್ತೆ ದಿನಾ ಬೆಳಿಗ್ಗೆ ತಿಥಿ ನೋಡುವುದು ಅದೇ ಕ್ಯಾಲೆಂಡರಿನಲ್ಲಿ.

ಗುರುವಾರ ದಿನಚರಿ ತೆರೆದೆ. ಮಂಗಳವಾರದ ‘ನೀರು ಬಂತು. ಅತ್ತೆ ಚಹಾ ನಾಲ್ಕು, ಹೇಳಿದ್ದು ಎರಡು’ ಎಂಬುದರ ಕೆಳಗೆ ನಾನು ಬರೆಯದ ಒಂದು ಸಾಲು ಇತ್ತು: ‘ಮೂರು. ನಾಕನೇದು ನಿಂದು. ನೀರು ಬಂದಿದ್ದು ಸೋಮವಾರ.’

ಪಡಸಾಲೆಯಿಂದ ಅತ್ತೆಯ ದನಿ ಬಂತು. “ಚಾ ಇಡ್ತೀಯೇನವಾ? ಬರಕೊಂಡ ಇಡು.”

ಚಹಾಕ್ಕಿಟ್ಟು ಕ್ಯಾಲೆಂಡರ್ ನೋಡಿದೆ. ನೀರು ಬಂದದ್ದು ಸೋಮವಾರವೇ. ಆಮೇಲೆ ದಿನಚರಿಯನ್ನು ಮೊದಲಿನಿಂದ ಬುಡದವರೆಗೆ ಓದಿದೆ. ಅದರಲ್ಲಿ ನಾನು ಕುಡಿದ ಚಹಾದ ಲೆಕ್ಕ ಒಂದು ಲೋಟದ್ದೂ ಇರಲಿಲ್ಲ.