ನೇರವಾಗಿ ಓಡುವ ಬಾತುಕೋಳಿಯ ಬಗ್ಗೆ ಒಂದು ದೂರು

ಹಳೆಯ ಆಟಿಕೆಗಳನ್ನು ಹೊಸ ಮಕ್ಕಳಿಗೋಸ್ಕರ ಮತ್ತೆ ತಯಾರಿಸುತ್ತಿರುವ ಕಂಪನಿಯ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಕಾರ್ಖಾನೆಯ ತಗಡು, ಸ್ಪ್ರಿಂಗು, ಬಣ್ಣಗಳೆಲ್ಲ ಸುಖವಾಗಿವೆಯೆಂದೂ ನಂಬಿ, ಮೊದಲಿಗೆ ನಮ್ಮ ಮನೆಯವರೆಲ್ಲರ ಪರವಾಗಿ ನಮಸ್ಕಾರಗಳನ್ನು ಒಪ್ಪಿಸುತ್ತೇನೆ. ದೂರು ಇದ್ದರೆ ಫೋನ್ ಮಾಡಿ ಎಂದು ತಮ್ಮ ಡಬ್ಬಿಯ ಮೇಲೆ ಬರೆದಿದೆ. ನನಗೆ ಫೋನಿನಲ್ಲಿ ದನಿ ಏಳುವುದಿಲ್ಲ. ನಾನು ಹಲೋ ಎಂದ ಮೇಲೆ ಆ ಕಡೆಯವರೇ ಎರಡೂ ಕಡೆಯ ಮಾತಾಡಿ ಇಟ್ಟುಬಿಡುತ್ತಾರೆ. ಆದ್ದರಿಂದ ಈ ಪತ್ರ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ, ತಮ್ಮ ಜಾಹೀರಾತೂ ಊರಿನ ಗೋಡೆಗಳ ಮೇಲೆಲ್ಲ ಬಹಿರಂಗವಾಗಿಯೇ ಇತ್ತು.

ಆ ಜಾಹೀರಾತಿನಲ್ಲಿ, ಕೀಲಿ ಕೊಟ್ಟರೆ ಓಡುವ ತಮ್ಮ ತಗಡಿನ ಬಾತುಕೋಳಿ ಮತ್ತೆ ಬಂದಿದೆ ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, 'ನೀವು ಆಡಿದ್ದೇ ನಿಮ್ಮ ಮಕ್ಕಳಿಗೂ. ಚೂರೂ ಬದಲಾಗಿಲ್ಲ' ಎಂದಿತ್ತು. ಮಾನ್ಯರೇ, ನನ್ನ ದೂರೆಲ್ಲ ಆ 'ಚೂರೂ' ಎಂಬುದರ ಮೇಲೆಯೇ ಇದೆ.

ಹಳದಿ ಮೈ ಅದೇ. ಕೊಕ್ಕಿನ ಕೆಂಪು ಅದೇ. ಹೊಟ್ಟೆಯೊಳಗಿನ ಕಟಕಟ ಸದ್ದು ಎಷ್ಟು ಅದೇ ಎಂದರೆ, ಮೊದಲ ಸಲ ಕೀಲಿ ತಿರುಗಿಸಿದಾಗ ಅಡುಗೆಮನೆಯಲ್ಲಿದ್ದ ಅಮ್ಮ, ನಾವೆಲ್ಲ ದೊಡ್ಡವರಾದದ್ದನ್ನೇ ಮರೆತು, "ಓದೋದು ಬಿಟ್ಟು ಶುರು ಮಾಡಿದ್ರಾ?" ಎಂದು ಗದರಿಕೊಂಡರು. ಇಷ್ಟೆಲ್ಲ ಸರಿಯಾಗಿ ಮಾಡಿದ ತಾವು, ಅದನ್ನು ನೇರವಾಗಿ ಓಡುವಂತೆ ಮಾಡಿಬಿಟ್ಟಿದ್ದೀರಿ. ನಮ್ಮ ಬಾತುಕೋಳಿ ಎಡಕ್ಕೆ ಹೋಗುತ್ತಿತ್ತು.

ಇದು ಸಣ್ಣ ವಿಷಯವೆಂದು ತಾವು ನಗಬಹುದು. ನಮ್ಮ ಮನೆಯ ಊಟದ ಮೇಜನ್ನು ತಾವು ನೋಡಿದ್ದರೆ ನಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ಒಂದು ತುದಿ, ಅಲ್ಲಿ ಅಮ್ಮ. ಎಡಗಡೆ ಕಿಟಕಿಯ ಪಕ್ಕದ ಕುರ್ಚಿ ಅಪ್ಪನದು. ಬಲಗಡೆಯ ಬೆಂಚು ಅಣ್ಣನದೂ ನನ್ನದೂ. ಎದುರಿನ ತುದಿಯಲ್ಲಿ ಯಾರೂ ಕೂರುವುದಿಲ್ಲ, ಅಲ್ಲಿ ಹೊಲಿಗೆ ಯಂತ್ರ ಇದೆ. ಮೊದಲು ಅಮ್ಮ ಹೊಲಿಯುತ್ತಿದ್ದರು, ಈಗ ನಾನು ಅಂಗಡಿಗಳಿಗೆ ದಿಂಬಿನ ಚೀಲ ಹೊಲಿದು ಕೊಡುತ್ತೇನೆ. ಅಮ್ಮನ ತುದಿಯಿಂದ ಬಿಟ್ಟ ಬಾತುಕೋಳಿ ಉಪ್ಪಿನ ಡಬ್ಬಿಯನ್ನು ದಾಟಿ, ಏನೋ ನೆನಪಾದಂತೆ ಎಡಕ್ಕೆ ತಿರುಗಿ, ನೆಟ್ಟಗೆ ಅಪ್ಪನ ಅಂಗೈಗೆ ಹೋಗಿ ನಿಲ್ಲುತ್ತಿತ್ತು. ಯಾರು ಬಿಟ್ಟರೂ ಅಷ್ಟೆ. ಅಪ್ಪ ಅದರ ತಲೆ ಸವರಿ, "ನೋಡಿದ್ರಾ, ಇದಕ್ಕಾದರೂ ನನ್ನ ಗುರುತು ಇದೆ" ಎನ್ನುತ್ತಿದ್ದರು.

ಆ ಮಾತಿಗೆ ಕಾರಣವಿತ್ತು. ಅಪ್ಪ ದೂರದೂರಿಗೆ ಬಸ್ಸು ಓಡಿಸುತ್ತಿದ್ದರು. ಮನೆಗೆ ಬಂದರೆ ನಾವು ಗುರುತಿಸುವಷ್ಟರಲ್ಲಿ ಮತ್ತೆ ಹೊರಡುವ ಹೊತ್ತಾಗಿರುತ್ತಿತ್ತು. ಅವರ ಮೀಸೆ ದೊಡ್ಡದು. ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ದನಿ ಅದಕ್ಕಿಂತ ದೊಡ್ಡದಾಗಿತ್ತು. ಮುದ್ದಿನಿಂದ "ಬಾರೇ ಕೂಸೇ" ಎಂದರೂ ಟಿಕೆಟ್ಟಿಲ್ಲದವರನ್ನು ಬಸ್ಸಿನಿಂದ ಇಳಿಸಿದ ಹಾಗೆ ಕೇಳುತ್ತಿತ್ತು. ನಾನು ಅಮ್ಮನ ಬೆನ್ನ ಹಿಂದಿನಿಂದ ಅವರನ್ನು ನೋಡುತ್ತಿದ್ದೆ. ಅಣ್ಣ ನನ್ನ ಬೆನ್ನ ಹಿಂದಿನಿಂದ ನೋಡುತ್ತಿದ್ದ. ಹೀಗಿರುವಾಗ ಒಂದು ದಿನ ಅಪ್ಪನ ಚೀಲದಿಂದ ತಮ್ಮ ಬಾತುಕೋಳಿ ಬಂತು. ಅದು ಓಡಿ ಅಪ್ಪನ ಹತ್ತಿರ ಹೋಯಿತು, ಅದನ್ನು ಹಿಡಿಯಲು ಅಣ್ಣ ಹೋದ, ಅಣ್ಣನನ್ನು ಹಿಡಿಯಲು ನಾನು ಹೋದೆ. ಆಮೇಲೆ ನಮ್ಮಿಬ್ಬರನ್ನು ಅಪ್ಪನ ತೊಡೆಯಿಂದ ಇಳಿಸುವುದೇ ಅಮ್ಮನಿಗೆ ಕೆಲಸವಾಯಿತು. ನಮ್ಮ ಮನೆಯಲ್ಲಿ ಯಾರಿಗೂ ಬಾಯಿಬಿಟ್ಟು ಪ್ರೀತಿ ಹೇಳಲು ಬರುವುದಿಲ್ಲ. ಆ ಕೆಲಸವನ್ನು ತಮ್ಮ ಕಂಪನಿಗೆ ವಹಿಸಿ ನಾವು ನಿಶ್ಚಿಂತೆಯಿಂದ ಊಟ ಮಾಡುತ್ತಿದ್ದೆವು.

ಆ ಬಾತುಕೋಳಿ ತುಕ್ಕು ಹಿಡಿದು, ಒಮ್ಮೆ ಮನೆಗೆ ಸುಣ್ಣ ಬಳಿಯುವಾಗ ಕಳೆದುಹೋಯಿತು. ಅಷ್ಟು ಹೊತ್ತಿಗೆ ಅದರ ಕೆಲಸ ಮುಗಿದಿತ್ತು, ಹಾಗಾಗಿ ನಾವು ಹುಡುಕಲೂ ಇಲ್ಲ. ನಮ್ಮದೂ ತಪ್ಪಿದೆ ಎಂದು ಒಪ್ಪುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಅಣ್ಣ ಬೇರೆ ಊರಿನಲ್ಲಿ ಮೋಟಾರು ರಿಪೇರಿ ಮಾಡುತ್ತಾನೆ. ಅವನ ಮಗಳನ್ನು ನಾವು ಮಿಡತೆ ಎನ್ನುತ್ತೇವೆ, ಕೂತ ಜಾಗದಲ್ಲಿ ಕೂರುವವಳಲ್ಲ. ಈ ರಜೆಗೆ ಅಣ್ಣ, ಅತ್ತಿಗೆ, ಮಿಡತೆ ಮೂವರೂ ಬಂದರು. ಮಿಡತೆ ಬಂದ ಗಳಿಗೆಯಿಂದ ಮನೆಯ ಎಲ್ಲ ಕಡೆ ಹಾರಿದಳು, ಕಿಟಕಿಯ ಪಕ್ಕದ ಕುರ್ಚಿಯೊಂದನ್ನು ಬಿಟ್ಟು. ಅಪ್ಪ ಈಗ ಬಸ್ಸು ಓಡಿಸುವುದಿಲ್ಲ, ಇಡೀ ದಿನ ಆ ಕುರ್ಚಿಯಲ್ಲೇ ಇರುತ್ತಾರೆ. ಮೀಸೆ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. ಅವರು "ಬಾ ಕೂಸೇ" ಎಂದಾಗಲೆಲ್ಲ ಅವಳು ಅತ್ತಿಗೆಯ ಬೆನ್ನ ಹಿಂದೆ ಮಾಯವಾಗುತ್ತಿದ್ದಳು. ಕೊನೆಗೆ ಅಪ್ಪ ಕರೆಯುವುದನ್ನು ನಿಲ್ಲಿಸಿದರು. ಅವಳು ನಿದ್ದೆ ಹೋದ ಮೇಲೆ ಅವಳ ಚಪ್ಪಲಿಗಳನ್ನು ಜೋಡಿಸಿ ಇಡುತ್ತಿದ್ದರು, ಅಷ್ಟೆ. ರಜೆ ಮುಗಿಯುತ್ತ ಬಂತು. ಅಣ್ಣ ಪೇಟೆಗೆ ಹೋಗಿ ತಮ್ಮ ಬಾತುಕೋಳಿಯನ್ನು ತಂದ. ನಮ್ಮನ್ನು ಅಪ್ಪನ ಹತ್ತಿರ ತಂದುಬಿಟ್ಟದ್ದು ಇವಳನ್ನು ಬಿಡುತ್ತದೆಯೇ ಎಂಬ ಧೈರ್ಯ ನಮ್ಮೆಲ್ಲರದು.

ಎಲ್ಲರೂ ಅವರವರ ಜಾಗದಲ್ಲಿ ಕೂತೆವು. ಅಪ್ಪ ಗಡ್ಡ ಬೋಳಿಸಿಕೊಂಡು ಬಂದು, ಅಂಗೈಯನ್ನು ಮೇಜಿನ ಅಂಚಿಗೆ ಚಾಚಿ ಇಟ್ಟರು. ಅಣ್ಣ ಕೀಲಿ ಕೊಟ್ಟು ಬಿಟ್ಟ. ಬಾತುಕೋಳಿ ಉಪ್ಪಿನ ಡಬ್ಬಿಯನ್ನು ದಾಟಿತು. ಆಮೇಲೂ ಅದಕ್ಕೆ ಏನೂ ನೆನಪಾಗಲಿಲ್ಲ. ಸರ್ಕಾರಿ ಮರ್ಯಾದೆಯಿಂದ ನೆಟ್ಟಗೆ ನಡೆದು, ಮೇಜಿನಾಚೆ ಬಿದ್ದು, ಹೊಲಿಗೆ ಯಂತ್ರದ ಪಕ್ಕದ ನನ್ನ ಬಟ್ಟೆಚೂರಿನ ಬುಟ್ಟಿಯಲ್ಲಿ ಗಾಲಿ ಮೇಲಾಗಿ ಕಟಕಟ ಎಂದಿತು. ಮಿಡತೆ ನಕ್ಕಳು, ಬುಟ್ಟಿಯ ಕಡೆಗೆ ಓಡಿದಳು. ಅಪ್ಪನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದೇ ಕೈಯಿಂದ ಮೇಜಿನ ಮೇಲಿನ ಇಲ್ಲದ ಧೂಳನ್ನು ಒರೆಸಿದರು.

ತಮ್ಮ ಮಾಲಿನ ಗೌರವ ಉಳಿಸಲು ನಾವು ಪಟ್ಟ ಪಾಡನ್ನು ಹೇಳಿದರೆ ತಾವು ಮೆಚ್ಚುತ್ತೀರಿ. ಮೇಜಿನ ಬಲಗಾಲುಗಳ ಕೆಳಗೆ ಹಲಗೆ ಕೊಟ್ಟೆವು. ಬಾತುಕೋಳಿಗಿಂತ ಮೊದಲು ಸಾರಿನ ಪಾತ್ರೆ ಅಪ್ಪನ ಕಡೆಗೆ ಹೋಯಿತು. ಅತ್ತಿಗೆ ಬಲಗಡೆಯಿಂದ ಬೀಸಣಿಗೆ ಬೀಸಿದರು. ಅಮ್ಮ ಬಾತುಕೋಳಿಯನ್ನು ಕೈಯಲ್ಲಿ ಹಿಡಿದು, "ಆ ಕಡೆ ಹೋಗಮ್ಮ, ಆ ಕಡೆ, ನಿನಗೆ ಪುಣ್ಯ ಬರುತ್ತೆ" ಎಂದು ಕೇಳಿಕೊಂಡರು. ಅಪ್ಪನನ್ನೇ ಎಬ್ಬಿಸಿ ಹೊಲಿಗೆ ಯಂತ್ರದ ಪಕ್ಕ ಕೂರಿಸೋಣವೇ ಎಂದೂ ಅಣ್ಣ ಕೇಳಿದ. ಅದಕ್ಕೆ ಅಪ್ಪ, "ಅದು ಬರೋದಾದರೆ ನಾನಿರೋ ಕಡೆ ಬರಲಿ. ನಾನು ಹೋಗಿ ಅದರ ದಾರಿಗೆ ಅಡ್ಡ ಕೂರೋದಕ್ಕೆ ಅದೇನು ಬಸ್ಸಾ?" ಎಂದರು. ಪ್ರತಿ ಸಲವೂ ಬಾತುಕೋಳಿ ನನ್ನ ಬುಟ್ಟಿಗೇ ಬಿತ್ತು. ನನ್ನ ಬುಟ್ಟಿಯ ಮೇಲೆ ತಮಗಿರುವ ಅಭಿಮಾನಕ್ಕೆ ನಾನು ಆಭಾರಿ.

ಕಡೆಗೆ, ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕು ಎನ್ನುವಾಗ, ಅಣ್ಣನಿಗೆ ಸಿಟ್ಟು ಬಂತು. ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮಧ್ಯೆ ಇಟ್ಟ. "ಏನ್ರೀ ಇದು, ಹಳೇದೇ ಅಂತ ಹೇಳಿ ಹೊಸದು ಮಾರ್ತೀರಾ? ಇದು ಎಡಕ್ಕೇ ತಿರುಗಲ್ಲ!" ಎಂದು ಕೂಗಾಡಿದ. ತಮ್ಮ ಕಚೇರಿಯ ಹೆಣ್ಣುಮಗಳು ಪಾಪ, ಬಲು ತಾಳ್ಮೆಯವಳು. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು: "ಸಾರ್, ನಮ್ಮ ಬಾತುಕೋಳಿ ಅವತ್ತಿಂದ ಇವತ್ತಿನವರೆಗೂ ನೇರವಾಗೇ ಹೋಗೋದು. ಎಡಕ್ಕೆ ಹೋಗ್ತಿತ್ತು ಅಂದ್ರೆ ಮುಂದಿನ ಗಾಲಿಯ ಕಂಬಿ ಬಗ್ಗಿರಬೇಕು. ಅದು ತಾನಾಗೇ ಬಗ್ಗಲ್ಲ ಸಾರ್. ಯಾರೋ ಇಕ್ಕಳ ಹಾಕಿ ಕೆಡಿಸಿರಬೇಕು."

ನಾವೆಲ್ಲ ಒಟ್ಟಿಗೆ ಕಿಟಕಿಯ ಕಡೆ ತಿರುಗಿದೆವು. ಅಪ್ಪ ಹೊರಗಿನ ಬೀದಿಯನ್ನು, ಅಲ್ಲಿ ಬಸ್ಸೊಂದು ಕೆಟ್ಟು ನಿಂತಿದೆಯೇನೋ ಎಂಬಷ್ಟು ಗಮನವಿಟ್ಟು ನೋಡುತ್ತಿದ್ದರು. ಕಿವಿ ಮಾತ್ರ ಕೆಂಪಗಾಗಿತ್ತು.

"ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ, ಮಹಾರಾಯರೇ" ಎಂದರು ಅಮ್ಮ.

"ನೀನು ಕೇಳಿದ್ಯಾ?" ಎಂದರು ಅಪ್ಪ. ಆಮೇಲೆ, ಬೀದಿಯನ್ನೇ ನೋಡುತ್ತ, ತಮ್ಮ ಮಟ್ಟಿಗೆ ಮೆಲ್ಲಗೆ, ಅಂದರೆ ಪಕ್ಕದ ಮನೆಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಡಿಪೋದಲ್ಲಿ ಕೂತು ಬಗ್ಗಿಸಿದೆ. ಮನೇಲಿ ಯಾರಾದರೂ ಒಬ್ಬರು ನನ್ನ ಕಡೆ ಬರಲಿ ಅಂತ."

ಮಾನ್ಯರೇ, ಇಲ್ಲಿ ನಮ್ಮಲ್ಲಿ ಯಾರಾದರೂ ಎದ್ದು ಹೋಗಿ ಅವರ ಹೆಗಲ ಮೇಲೆ ಕೈ ಇಡಬೇಕಾಗಿತ್ತು. ನಾನು ದಿಂಬಿನ ಚೀಲ ಮಡಚಿದೆ. ಅಣ್ಣ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. ತಮ್ಮ ಕಚೇರಿಯ ಹೆಣ್ಣುಮಗಳು ಅದರೊಳಗಿಂದ, "ಹಲೋ, ಸಾರ್, ಇನ್ನೇನಾದರೂ ಸಹಾಯ ಬೇಕಾ?" ಎಂದು ಕೇಳುತ್ತಲೇ ಇದ್ದಳು. ಆಗ ಬುಟ್ಟಿಯ ಹತ್ತಿರವಿದ್ದ ಮಿಡತೆ ಎದ್ದಳು. ಬಾತುಕೋಳಿಯನ್ನು ಎದೆಗವಚಿಕೊಂಡು, ಹೊಲಿಗೆ ಯಂತ್ರವನ್ನು ಸುತ್ತಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯ ಮುಂದೆ ಹೋಗಿ ನಿಂತಳು. ರಜೆಯಲ್ಲಿ ಅವಳು ತನ್ನ ತಾತನ ಜೊತೆ ಆಡಿದ ಮೊದಲ ಮಾತನ್ನು ತಮ್ಮ ಹೆಣ್ಣುಮಗಳೂ ಕೇಳಿಸಿಕೊಂಡಿದ್ದಾಳೆ, ಬೇಕಾದರೆ ವಿಚಾರಿಸಿ. "ತಾತಾ, ಇದನ್ನೂ ಕೆಡಿಸ್ಕೊಡು" ಎಂದಳು.

ಅಪ್ಪ ಇಕ್ಕಳ ತರಿಸಿದರು. ಅವಳು ಕುರ್ಚಿಯ ಕೈಗೆ ಒರಗಿ, ಆಮೇಲೆ ಅಪ್ಪನ ಮೊಣಕಾಲಿಗೆ ಒರಗಿ, ಆಮೇಲೆ ಬೆಳಕು ಸಾಲದೆಂದು ತೊಡೆಯ ಮೇಲೇ ಹತ್ತಿ ನೋಡಿದಳು. ಬಾತುಕೋಳಿಯನ್ನು ಬೋರಲು ಮಾಡಿ ಹಿಡಿದು ಅಪ್ಪ ಕೇಳಿದರು: "ಯಾವ ಕಡೆ ಹೋಗಬೇಕು ಹೇಳು?" ಮಿಡತೆ ತುಂಬ ಯೋಚನೆ ಮಾಡಿ, "ನನ್ನ ಕಡೆ" ಎಂದಳು. ಅಪ್ಪ ಕಂಬಿಯನ್ನು ಬಲಕ್ಕೆ ಬಗ್ಗಿಸಿದರು. ಮಿಡತೆ ಬೆಂಚಿನಲ್ಲಿ ಕೂತು ಕೈ ಚಾಚಿದಳು, ಬಾತುಕೋಳಿ ಉಪ್ಪಿನ ಡಬ್ಬಿಯನ್ನು ದಾಟಿ, ಏನೋ ನೆನಪಾದಂತೆ ಅವಳ ಕಡೆ ತಿರುಗಿತು. "ನೋಡಿದ್ಯಾ ತಾತ, ಇದಕ್ಕೆ ನಾನೇ ಬೇಕು!" ಎಂದು ಅವಳು ಕುಣಿದಳು. ಅಪ್ಪ, "ಮೋಸ! ಮೋಸ! ನಿಮ್ಮಜ್ಜಿ ಏನೋ ಹೇಳಿಕೊಟ್ಟಿದ್ದಾಳೆ" ಎಂದು ಕೂಗಿದರು. ಆ ಕೂಗಿಗೆ ಕಿಟಕಿಯ ಗಾಜು ಅದುರಿತು. ಮಿಡತೆ ಅದುರಲಿಲ್ಲ. ಮರುದಿನ ಬೆಳಗಿನ ಬಸ್ಸು ತಪ್ಪಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಇಷ್ಟೊಂದು ನೇರವಾದ ಬಾತುಕೋಳಿಗಳನ್ನು ದಯವಿಟ್ಟು ಮಾರಬೇಡಿ. ಒಂದೊಂದು ಮನೆಗೂ ವಿಚಾರಿಸಿ, ಯಾರ ಕುರ್ಚಿ ಯಾವ ಕಡೆ ಇದೆ, ಆ ಕುರ್ಚಿಯ ಹತ್ತಿರ ಯಾರು ಹೋಗುವುದಿಲ್ಲ ಎಂದು ತಿಳಿದುಕೊಂಡು, ಆ ಕಡೆಗೆ ಕೆಡಿಸಿ ಕಳಿಸಿಕೊಡಿ. ಅದು ಕಷ್ಟವಾದರೆ ಡಬ್ಬಿಯಲ್ಲಿ ಕೀಲಿಯ ಜೊತೆಗೆ ಒಂದು ಇಕ್ಕಳವನ್ನೂ ಇಡಿ. ಅದೂ ಆಗದಿದ್ದರೆ ಜಾಹೀರಾತಿನ 'ಚೂರೂ ಬದಲಾಗಿಲ್ಲ' ಎಂಬ ಸಾಲಿನ ಕೆಳಗೆ, 'ಬದಲಾಯಿಸುವುದು ನಿಮ್ಮ ಮನೆಯವರ ಜವಾಬ್ದಾರಿ' ಎಂದು ಸಣ್ಣಕ್ಷರದಲ್ಲಾದರೂ ಸೇರಿಸಿ. ಫೋನಿನಲ್ಲಿ ನಮ್ಮಪ್ಪನ ಗುಟ್ಟನ್ನು ರಟ್ಟು ಮಾಡಿದ ಆ ಹೆಣ್ಣುಮಗಳಿಗೆ ಬಡ್ತಿ ಕೊಡಬೇಕೆಂದು ಅಮ್ಮನ ಒತ್ತಾಯ; ಬೈಯಬೇಕೆಂದು ಅಪ್ಪನ ಒತ್ತಾಯ. ಎರಡನ್ನೂ ಒಂದೇ ದಿನ ಮಾಡಿದರೆ ನಮ್ಮ ಮನೆಯಲ್ಲಿ ಶಾಂತಿ ಇರುತ್ತದೆ.

ತಮ್ಮ ಗಾಲಿಗಳು ಎಂದೆಂದೂ ಸುಲಭವಾಗಿ ಬಗ್ಗುತ್ತಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಬುಟ್ಟಿಯ ಮನೆಯ ಕಿರಿಮಗಳು

ಮರೆತಿದ್ದು: 'ಹದಿನಾಲ್ಕು ವರ್ಷ ದಾಟಿದವರಿಗೆ ಮಾತ್ರ, ಮಕ್ಕಳ ಕೈಗೆ ಕೊಡಬೇಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿ ಆನಂದಿಸಿ' ಎಂದು ಡಬ್ಬಿಯ ತಳದಲ್ಲಿ ಬರೆದಿರುವುದನ್ನು ಇವತ್ತು ಓದಿದೆ. ಹೊಸ ತಲೆಮಾರಿನ ಮಕ್ಕಳಿಗೆಂದು ಆಟಿಕೆ ಮಾಡಿ, ಅದನ್ನು ಆ ಮಕ್ಕಳಿಂದಲೇ ಕಾಪಾಡುವ ತಮ್ಮ ಎಚ್ಚರಿಕೆ ದೊಡ್ಡದು. ತಾವು ಗಾಬರಿಯಾಗಬೇಡಿ, ನಮ್ಮಲ್ಲಿ ನಿಯಮ ಮೀರಿಲ್ಲ. ಇಕ್ಕಳ ಹಿಡಿದವರು ಹದಿನಾಲ್ಕನ್ನು ಎಂದೋ ದಾಟಿದ್ದಾರೆ, ಮಗು ಬರೀ ಅಪ್ಪಣೆ ಕೊಟ್ಟಿತು. ನಮ್ಮ ಮನೆಯಲ್ಲಿರುವ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಈಗ ನನ್ನ ದಾರದುಂಡೆಗಳಿವೆ.