ಕೊನೆಯ ಪುಟದಲ್ಲಿ ಇಬ್ಬರೂ ಬದುಕಿರಬೇಕು

ಕೇಳದವರಿಗೂ ಪುಸ್ತಕ ಸೂಚಿಸುವುದು ನನ್ನ ದುರಭ್ಯಾಸ. ಕಂಡವರಿಗೆಲ್ಲ ಮನೆಮದ್ದು ಹೇಳುವ ಚಟ ಕೆಲವರಿಗಿರುತ್ತದಲ್ಲ, ಇದೂ ಅದೇ ಜಾತಿಯದು. ನೆಗಡಿ ಎಂದವರಿಗೆ ಅವರು ಕಷಾಯ ಹೇಳಿದರೆ ನಾನು ಕಾದಂಬರಿ ಹೇಳುತ್ತೇನೆ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕ ಎರವಲು ಕೊಡುವ ಪುಟ್ಟ ಲೈಬ್ರರಿಯೊಂದನ್ನು ಬಹಳ ವರ್ಷಗಳಿಂದ ನಡೆಸುತ್ತಿದ್ದೇನೆ. ಮೊಬೈಲು ಬಂದ ಮೇಲೆ ಬರುವವರು ಕಡಿಮೆಯಾಗಿದ್ದಾರೆ. ಬಂದವರಿಗೆ ನನ್ನ ಉಪದೇಶ ಅಷ್ಟೇ ಹೆಚ್ಚಾಗಿದೆ. ಮುಖ ನೋಡಿದರೆ ಸಾಕು, ಇವರಿಗೆ ಯಾವ ಪುಸ್ತಕ ಒಗ್ಗುತ್ತದೆಂದು ಹೇಳಬಲ್ಲೆ ಎಂಬ ಜಂಭ ನನಗೆ. ಇಪ್ಪತ್ತಾರು ವರ್ಷಗಳಿಂದ ನನ್ನ ಜೊತೆ ಇದೇ ಮನೆಯಲ್ಲಿರುವ ಸರೋಜ ಮಾತ್ರ ಇದನ್ನು ನಂಬುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕಾದಂಬರಿ ಕೈಗೆ ಕೊಟ್ಟರೆ ಅದರ ಮೇಲೆ ಕಾಫಿ ಲೋಟ ಇಡುತ್ತಾಳೆ. ಅವಳು ನಿಮಗೇನಾಗಬೇಕು ಎಂದು ಕೇಳಿದವರಿಗೆ ಸ್ನೇಹಿತೆ ಎಂದೂ, ಹೆಚ್ಚು ಕೆದಕಿದವರಿಗೆ ದೂರದ ಸಂಬಂಧ ಎಂದೂ ಹೇಳಿ ಕಾಲ ತಳ್ಳಿದ್ದೇನೆ.

ನಮ್ಮ ಲೈಬ್ರರಿಯಲ್ಲೊಂದು ಪದ್ಧತಿ. ಓದಿದವರು ಕೊನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ಅಭಿಪ್ರಾಯ ಬರೆದಿಡುತ್ತಾರೆ. ‘ಓದಬಹುದು’, ‘ಎಳೆದಿದ್ದಾರೆ’, ‘ನಾಯಕನಿಗೆ ಬುದ್ಧಿ ಇಲ್ಲ’ ಹೀಗೆ. ಹಾಗಾಗಿ ಇಲ್ಲಿ ಎಲ್ಲರೂ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ. ಪಕ್ಕದ ಬೀದಿಯ ರತ್ನಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಮನೆಯಲ್ಲೇ ಮಗ್ಗ ನಡೆಸುವ ಆಕೆ, ಕೊನೆಯ ಪುಟವನ್ನು ಪೂರ್ತಿ ಓದಿ, ಒಳ್ಳೆಯವರು ಯಾರಾದರೂ ಸತ್ತಿದ್ದರೆ ಪುಸ್ತಕ ಮುಟ್ಟುವುದಿಲ್ಲ. “ದಿನಾ ಪವರ್‌ಲೂಮ್ ಸದ್ದಿಗೇ ತಲೆ ಸಿಡೀತದೆ ಅಕ್ಕ, ಅದ್ರ ಮೇಲೆ ಇವರ ಸಾವು ಬೇರೆ ನಾನು ಹೊರಬೇಕಾ?” ಎನ್ನುತ್ತಾಳೆ. ನನಗೂ ನ್ಯಾಯವೆನ್ನಿಸುತ್ತದೆ.

ಆಕೆಯ ಮಗಳು ಸೌಮ್ಯ ದೇವನಹಳ್ಳಿಯ ಹೋಟೆಲೊಂದರಲ್ಲಿ ರಿಸೆಪ್ಷನ್ ಕೆಲಸದಲ್ಲಿದ್ದಾಳೆ. ಒಂದು ಮಧ್ಯಾಹ್ನ ಬಂದವಳು ಕಪಾಟುಗಳ ಮುಂದೆ ಮೂರು ಸಲ ಓಡಾಡಿ, “ಆಂಟಿ, ಇಬ್ರು ಹೆಂಗಸ್ರು ಪ್ರೀತಿಸೋ ಕತೆ ಬೇಕಿತ್ತು. ಅಮ್ಮಂಗೆ ಪತ್ತೇದಾರಿ, ಅಜ್ಜಿಗೆ ದೆವ್ವದ್ದು, ಅಪ್ಪಂಗೆ ರಾಜರ ಕಾಲದ್ದು. ಮೂರರಲ್ಲೂ ಅಂಥ ಇಬ್ರು ಇರ್ಬೇಕು” ಎಂದಳು. ಇಂಥ ಪಟ್ಟಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಯಾಕಮ್ಮ ಎಂದೆ. “ಮುಂದಿನ ಭಾನುವಾರ ಗಂಡಿನ ಕಡೆಯವ್ರು ನೋಡಕ್ಕೆ ಬರ್ತಾರೆ. ಅಷ್ಟರಲ್ಲಿ ನಂದೂ ಮಂಜುಳಂದೂ ವಿಷ್ಯ ಮನೇಲಿ ಹೇಳ್ಬೇಕು. ಬಾಯೇ ಬರ್ತಿಲ್ಲ ಆಂಟಿ. ಮೊದ್ಲು ಓದಿರ್ಲಿ ಅಂತ.” ಮಂಜುಳಾ ಯಾರೆಂದು ನಾನು ಕೇಳಲಿಲ್ಲ. ಕೇಳದೆ ಸುಮ್ಮನಿರುವುದು ನನಗೆ ಅಪರೂಪ.

ಇಲ್ಲ ಎನ್ನುವ ಮಾತೇ ನಮ್ಮ ಲೈಬ್ರರಿಯಲ್ಲಿಲ್ಲವೆಂದು ಸೆರಗು ಸಿಕ್ಕಿಸಿ ಹುಡುಕಲು ನಿಂತೆ. ದೆವ್ವದ ಕಪಾಟಿನಲ್ಲಿ ಇಬ್ಬರು ಗೆಳತಿಯರು ಸಿಕ್ಕರು. ಬಹಳ ಅನ್ಯೋನ್ಯ, ಆದರೆ ಮೊದಲ ಅಧ್ಯಾಯಕ್ಕೆ ಮುಂಚೆಯೇ ಸತ್ತು ಹುಣಸೆಮರ ಸೇರಿದ್ದರು. ಐತಿಹಾಸಿಕದಲ್ಲಿ ರಾಣಿಯೂ ಸಖಿಯೂ ಕೈಕೈ ಹಿಡಿದು ಕೆರೆಗೆ ಹಾರಿದ್ದರು. ಪತ್ತೇದಾರಿಯಲ್ಲಿ ಒಬ್ಬಳು ಗೋಣಿಚೀಲದಲ್ಲಿ, ಇನ್ನೊಬ್ಬಳು ಜೈಲಿನಲ್ಲಿ. ಸಾಮಾಜಿಕ ಕಾದಂಬರಿಯಲ್ಲಿ ಯಾರೂ ಸಾಯಲಿಲ್ಲ ನಿಜ. ಒಬ್ಬಳಿಗೆ ಮದುವೆ ಮಾಡಿ, ಇನ್ನೊಬ್ಬಳನ್ನು ಅದೇ ಮದುವೆಯಲ್ಲಿ ಹೂ ಕಟ್ಟಲು ಕೂರಿಸಿದ್ದರು. ಸ್ಟೂಲಿನ ಮೇಲೆ ನಿಂತೇ ಸಿಟ್ಟು ಬಂತು, ನಾಚಿಕೆಯೂ ಆಯಿತು. ಇವನ್ನೆಲ್ಲ ‘ಬಹಳ ಚೆನ್ನಾಗಿದೆ’ ಎಂದು ಊರಿಗೆ ಹಂಚಿದವಳು ನಾನೇ ತಾನೆ?

ಮೂರನೆಯ ದಿನ, ಮೇಲಿನ ಅಟ್ಟಣಿಗೆಯಲ್ಲಿ ಹಲ್ಲಿ ಮೊಟ್ಟೆಗಳ ನಡುವೆ ಒಂದು ಸಿಕ್ಕಿತು. ಒಬ್ಬಳು ಇನ್‌ಸ್ಪೆಕ್ಟರು, ಇನ್ನೊಬ್ಬಳು ಡಾಕ್ಟರು. ಕೊನೆಯ ಪುಟದಲ್ಲಿ ಕಳ್ಳನನ್ನು ಒಳಗೆ ಹಾಕಿ, ಮನೆಗೆ ಹೋಗಿ, ಹಾಲು ಉಕ್ಕಿದ್ದು ಯಾರ ತಪ್ಪೆಂದು ಜಗಳವಾಡುತ್ತಾರೆ. ಅಜ್ಜಿಗೂ ಅಪ್ಪನಿಗೂ ಇನ್ನೊಮ್ಮೆ ನೋಡೋಣವೆಂದು, ಸೀರೆ ಡಬ್ಬದ ರಟ್ಟಿನಿಂದ ಅದಕ್ಕೆ ಹೊಸ ಹೊದಿಕೆ ಹಾಕಿ ಸೌಮ್ಯಳಿಗೆ ಕೊಟ್ಟು ಕಳಿಸಿದೆ.

ಶುಕ್ರವಾರ ರತ್ನಮ್ಮ ತಾನೇ ಪುಸ್ತಕ ತಂದಳು. ಕಣ್ಣು ಊದಿಕೊಂಡಿತ್ತು. “ಮಗಳು ಎಲ್ಲಾ ಹೇಳಿದ್ಲು ಅಕ್ಕ. ಪುಸ್ತಕ ಚೆನ್ನಾಗೈತೆ. ಆದ್ರೆ ಬರೆಯೋರಿಗೇನು, ಬೇಕಾದಲ್ಲಿ ಮುಗಿಸಿಬಿಡ್ತಾರೆ. ಆಮೇಲೆ? ವಯಸ್ಸಾದ್ಮೇಲೆ ಯಾರು? ಜ್ವರ ಬಂದ್ರೆ ಗಂಜಿ ಯಾರು ಕೊಡ್ತಾರೆ? ಅಂಥದ್ದು ಬರೆದಿರೋ ಪುಸ್ತಕ ಇದ್ರೆ ಕೊಡಿ.” ಅಂಥದ್ದು ನಾನು ಓದಿರಲಿಲ್ಲ. ಒಪ್ಪಿಕೊಳ್ಳಲು ಜಂಭ ಬಿಡಲಿಲ್ಲ. ಮತ್ತೆ ಸ್ಟೂಲು ಹತ್ತಿದೆ.

“ಮಂಡಿ ನೋವು ಇಟ್ಕೊಂಡು ಸ್ಟೂಲ್ ಹತ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ ನಿಂಗೆ?” ಎನ್ನುತ್ತಾ ಸರೋಜ ಅಡುಗೆಮನೆಯಿಂದ ಬಂದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ನನ್ನ ಬಿಪಿ ಮಾತ್ರೆ. “ಬೆಳಿಗ್ಗೆದು ಹಂಗೇ ಇದೆ. ನುಂಗು ಮೊದ್ಲು.” ನಾನು ನಿಂತಲ್ಲೇ ನುಂಗಿದೆ. ಸ್ಟೂಲು ಅಲುಗದಂತೆ ಹಿಡಿದುಕೊಂಡು ಅವಳು ಬೈಯುತ್ತಲೇ ಇದ್ದಳು.

ರತ್ನಮ್ಮ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟುತ್ತಾ, “ಇಳೀರಿ ಅಕ್ಕ, ಹುಡುಕೋದು ಬೇಡ. ನೋಡಿದ್ದಾಯ್ತು” ಎಂದಳು. ಗೇಟಿನ ಹತ್ತಿರ ನಿಂತು, “ಭಾನುವಾರ ಬರಬೇಡಿ ಅಂತ ಅವರಿಗೆ ಹೇಳ್ತೀನಿ. ಆ ಮಂಜುಳನ್ನ ಊಟಕ್ಕೆ ಕರೀತೀನಿ, ನೋಡೋಣ” ಎಂದು ಹೊರಟಳು.

ಊರಿನವರ ಮುಖ ಓದುತ್ತೇನೆಂದು ಮೆರೆಯುವ ನನ್ನ ಮುಖವನ್ನು ಮಗ್ಗದ ರತ್ನಮ್ಮ ಒಂದು ಮಾತ್ರೆ ನುಂಗುವಷ್ಟರಲ್ಲಿ ಓದಿ ಮುಗಿಸಿದ್ದಳು. ಸಂಜೆ ಅವರೆಕಾಳು ಹಿಚುಕುತ್ತಾ ಸರೋಜಳಿಗೆ ಎಲ್ಲ ಹೇಳಿದೆ. “ನಮ್ಮದೂ ಒಂದು ಪುಸ್ತಕ ಆಗಿದ್ರೆ, ಕೆಳಗೆ ಏನಂತ ಬರೀತಿದ್ದೆ?” ಎಂದು ಕೇಳಿದೆ. ಇಪ್ಪತ್ತಾರು ವರ್ಷಗಳಲ್ಲಿ ಒಂದು ಕಾದಂಬರಿಯನ್ನೂ ಮುಗಿಸದವಳು, ತಲೆಯೆತ್ತದೆ ಹೇಳಿದಳು:

“ಎಳೆದಿದ್ದಾರೆ. ಆದ್ರೂ ಓದಬಹುದು.”